ಸಿಕ್ಕ ಮೇಲೂ ಕಳೆದುಹೋದ ಹುಡುಗಿ

ಕೇಳುಗರಿಗೆ ನಮಸ್ಕಾರ.

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ಬಂದವರಿಗೆ ಒಂದು ದನಿ ನೆನಪಿರುತ್ತದೆ. ನಾಟಕ ಕಂಪನಿಗಳ ಪ್ರಚಾರ, ಬಳೆ ಅಂಗಡಿಯ ಗದ್ದಲ, ಬುಟ್ಟಿ ಹೊತ್ತು ರೊಟ್ಟಿ ಮೊಸರು ಮಾರುವ ಹೆಂಗಸರ ಕೂಗು, ಇವೆಲ್ಲವನ್ನೂ ಸೀಳಿಕೊಂಡು ಧ್ವನಿವರ್ಧಕದಲ್ಲಿ ಬರುವ ದನಿ ಅದು: ‘ಹಸಿರು ಲಂಗ ತೊಟ್ಟ ನಾಲ್ಕೈದು ವರ್ಷದ ಹೆಣ್ಣುಮಗು ಪೊಲೀಸ್ ಚೌಕಿಯಲ್ಲಿದೆ. ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗಬೇಕು.’ ಒಂದು ವರ್ಷ ಆ ಹಸಿರು ಲಂಗದ ಮಗು ನಾನೇ ಆಗಿದ್ದೆ. ಅಪ್ಪ ಬಂದರು, ಕಿವಿ ಹಿಂಡಿದರು, ಬೆಂಡು ಬತ್ತಾಸು ಕೊಡಿಸಿದರು. ನನ್ನ ಲಂಗದ ಬಣ್ಣವನ್ನು ಜಗತ್ತಿಗೆ ಸಾರಿದ ಆ ಸದ್ದು ಹರಿದ್ರಾತೀರ್ಥದ ಹೊಂಡ ದಾಟಿ ಪಕ್ಕದ ಹೊಲದವರೆಗೆ ಹೋಗಿದ್ದರೆ ಹೆಚ್ಚು. ನಾನು ಸಿಕ್ಕೆ, ಕೂಗು ನಿಂತಿತು.

2018ರ ಜನವರಿಯಲ್ಲಿ ಅದೇ ಜಾತ್ರೆಯಲ್ಲಿ ನನ್ನ ತಂಗಿಯ ಮಗಳು ಕೈ ತಪ್ಪಿಸಿಕೊಂಡಳು. ಆಗ ಅವಳಿಗೆ ಐದು ವರ್ಷ. ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಕಥೆಯನ್ನು ಬಾನುಲಿಯಲ್ಲಿ ಹೇಳಲೇ ಎಂದು ಕೇಳಿದಾಗ ಅವಳು ಹಾಕಿದ ಷರತ್ತು ಅದು. ಬರೆದದ್ದನ್ನು ಓದಿಸಿದೆ, ಎರಡು ಸಾಲು ಹೊಡೆದು ಹಾಕಿದಳು. ಆ ಎರಡು ಸಾಲು ಏನಿದ್ದವು ಎಂದು ನೀವು ನನ್ನನ್ನು ಕೇಳಬಾರದು.

ಮಗು ಕಾಣದಾದಾಗ ತಂದೆಯಾದವನು ಏನು ಮಾಡಬೇಕೋ ಅದನ್ನೇ ನಮ್ಮ ತಂಗಿಯ ಗಂಡ ಮಾಡಿದರು. ಅಂದು ಬೆಳಿಗ್ಗೆ ಗುಡಿಯ ಮುಂದೆ ತೆಗೆದ ಫೋಟೊ ಮೊಬೈಲಿನಲ್ಲಿತ್ತು. ಅದರ ಕೆಳಗೆ ಮಗಳ ಹೆಸರು, ತಮ್ಮ ಹೆಸರು, ಬಾಗಲಕೋಟೆ ನವನಗರದ ಸೆಕ್ಟರ್ ಮತ್ತು ಮನೆ, ಮೊಬೈಲ್ ನಂಬರ್ ಬರೆದು ‘ಇಂದು ಮಧ್ಯಾಹ್ನ ಜಾತ್ರೆಯಲ್ಲಿ ಕಾಣೆಯಾಗಿದ್ದಾಳೆ, ದಯವಿಟ್ಟು ಎಲ್ಲರಿಗೂ ಕಳುಹಿಸಿ’ ಎಂದು ನಾಲ್ಕು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದರು. ಅರ್ಧ ಗಂಟೆಯೊಳಗೆ ಹುಡುಗಿ ಸಿಕ್ಕಳು. ಗೊಂಬೆ ಅಂಗಡಿಯಾತ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೊಂದು ಬುಗುರಿ ಕೊಟ್ಟು, ಮನೆಯವರು ಬರುವ ದಾರಿ ಕಾಯುತ್ತಿದ್ದನಂತೆ. ‘ಸಿಕ್ಕಳು, ತಾಯಿಯ ಕೃಪೆ’ ಎಂದು ಅದೇ ನಾಲ್ಕು ಗುಂಪುಗಳಿಗೆ ಇನ್ನೊಂದು ಸಂದೇಶ ಹೋಯಿತು.

ಆದರೆ ‘ಕಳೆದಿದ್ದಾಳೆ’ ಎಂಬ ಸುದ್ದಿಗೆ ಇರುವ ಕಾಲು ‘ಸಿಕ್ಕಳು’ ಎಂಬುದಕ್ಕೆ ಇಲ್ಲ. ಎರಡನೆಯದನ್ನು ಓದಿದವರು ನಿಟ್ಟುಸಿರು ಬಿಟ್ಟು ಮೊಬೈಲ್ ಕೆಳಗಿಟ್ಟರು. ಮೊದಲನೆಯದನ್ನು ಓದಿದವರು ಮುಂದಕ್ಕೆ ಕಳುಹಿಸಿದರು. ಸೊಲ್ಲಾಪುರದಿಂದ ಕರೆ ಬಂತು, ಹುಬ್ಬಳ್ಳಿಯಿಂದ ಬಂತು, ಬೆಂಗಳೂರಿನಿಂದ ಬಂತು. ‘ಇಂದು ಮಧ್ಯಾಹ್ನ’ ಎಂದು ಬರೆದಿದ್ದರಲ್ಲ, ತಾರೀಖು ಇರಲಿಲ್ಲ. ಹಾಗಾಗಿ ಓದಿದವರಿಗೆಲ್ಲ ಅವಳು ಓದಿದ ದಿನವೇ ಕಳೆದುಹೋಗುತ್ತಿದ್ದಳು. ಯುಗಾದಿಗೆ ಕಳೆದಳು, ಮುಂಗಾರಿನಲ್ಲಿ ಕಳೆದಳು, ಮರುವರ್ಷದ ದಸರೆಗೂ ಕಳೆದಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2023ರಲ್ಲಿ ಒಂದು ಸಂಜೆ ಅದೇ ನಂಬರಿಗೆ ಕರೆ ಬಂತು. ತಂದೆ ಸ್ನಾನಕ್ಕೆ ಹೋಗಿದ್ದರು, ಹುಡುಗಿಯೇ ಎತ್ತಿಕೊಂಡಳು. ಆ ಕಡೆಯ ಗಂಡಸು ಅವಳನ್ನು ಹೆಸರು ಹಿಡಿದು ಕರೆದ, ತಂದೆಯ ಹೆಸರು ಹೇಳಿದ, ‘ಈಗ ಎಷ್ಟನೆಯ ತರಗತಿ, ಯಾವ ಶಾಲೆ, ಮನೆಗೆ ಎಷ್ಟು ಗಂಟೆಗೆ ಬರುತ್ತೀಯವ್ವಾ’ ಎಂದು ಕೇಳಿದ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಯಾಕೆ ಹೇಳಿದೆ ಎಂದು ತಂದೆ ಗದರಿದಾಗ ಅವಳ ಮಾತು ಇಷ್ಟೇ: ‘ಹೆಸರು ಗೊತ್ತಿತ್ತಲ್ಲ ಅಪ್ಪಾ, ನೆಂಟರು ಅಂದುಕೊಂಡೆ.’

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು ನಾನು. ಈ ಮಾತು ನನ್ನನ್ನು ಕಾಡಿದಷ್ಟು ಯಾವ ಇಲಾಖೆಯ ತರಬೇತಿಯೂ ಕಾಡಲಿಲ್ಲ. ಯಾರ ಮಗಳು, ಯಾವ ಓಣಿ ಎಂದು ಹಿರಿಯರು ಕೇಳಿದರೆ ನಿಂತು ಉತ್ತರ ಕೊಡಬೇಕು ಎಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ. ನಮ್ಮ ಹೆಸರು ಬಲ್ಲವರು ನಮ್ಮವರು, ಇದು ನಮ್ಮ ಕಡೆಯ ಲೆಕ್ಕ. ಹಳೆಯ ಬಾಗಲಕೋಟೆಯಲ್ಲಿ ಅದು ಸರಿಯಾಗಿಯೇ ಇತ್ತು. ಓಣಿಯ ಹೆಸರು ತಿಳಿದರೂ ಮನೆ ಮುಟ್ಟಲು ಐದು ಜನರನ್ನು ಕೇಳಬೇಕಿತ್ತು; ಐವರೂ ‘ಯಾಕೆ, ಏನು ಕೆಲಸ’ ಎಂದು ತಿರುಗಿ ಕೇಳುತ್ತಿದ್ದರು. ಆಲಮಟ್ಟಿಯ ಹಿನ್ನೀರು ಆ ಓಣಿಗಳನ್ನು ನುಂಗಿದ ಮೇಲೆ ನಾವು ಸೆಕ್ಟರುಗಳಿಗೆ ಬಂದೆವು. ಇಲ್ಲಿ ಅಂಕಿ ಗೊತ್ತಿದ್ದವನು ಯಾರನ್ನೂ ಕೇಳದೆ ಬಾಗಿಲ ಮುಂದೆ ಬಂದು ನಿಲ್ಲಬಲ್ಲ. ಮೊಬೈಲಿನಲ್ಲಂತೂ ಅಷ್ಟು ನಡೆಯುವ ಅಗತ್ಯವೂ ಇಲ್ಲ.

ಸಾಮಾಜಿಕ ಜಾಲತಾಣದಲ್ಲಿ ಮಕ್ಕಳ ಸುರಕ್ಷತೆ ಎಂದೊಡನೆ ನಾವು ಮಕ್ಕಳ ಕೈಯಲ್ಲಿರುವ ಮೊಬೈಲನ್ನು ನೋಡುತ್ತೇವೆ. ನಾನು ನಮ್ಮ ಕೈಯಲ್ಲಿರುವುದನ್ನು ನೋಡಿ ಎನ್ನುತ್ತೇನೆ. ಮಗು ತನ್ನ ಹೆಸರಿನ ಖಾತೆ ತೆರೆಯುವ ಹೊತ್ತಿಗೆ ಅದರ ಅರ್ಧ ಬಾಳು ನಮ್ಮ ಸ್ಟೇಟಸ್ಸಿನಲ್ಲಿ ಕಳೆದಿರುತ್ತದೆ. ತೊಟ್ಟಿಲಿನದು, ಜವಳದ್ದು, ಬಚ್ಚಲಿನಲ್ಲಿ ಬರಿಮೈಯಲ್ಲಿ ಕೂತದ್ದು. ಶಾಲೆಯ ಮೊದಲ ದಿನ ಬೆಲ್ಟು, ಗುರುತಿನ ಚೀಟಿ, ಹಿಂದೆ ವ್ಯಾನಿನ ನಂಬರು, ಎಲ್ಲ ಒಂದೇ ಚಿತ್ರದಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಅಂಕಪಟ್ಟಿಯನ್ನೇ ಹಾಕುತ್ತೇವೆ. ಅದರಲ್ಲಿ ತಂದೆ ತಾಯಿಯ ಹೆಸರು, ಜನ್ಮದಿನಾಂಕ, ನೋಂದಣಿ ಸಂಖ್ಯೆ ಎಲ್ಲ ಇರುತ್ತವೆ. ಮೂರು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆ ವೃತ್ತದಲ್ಲಿ ಫ್ಲೆಕ್ಸ್ ಕಟ್ಟುವ ಊರು ನಮ್ಮದು, ನನಗೆ ಗೊತ್ತು. ಫ್ಲೆಕ್ಸ್ ಆದರೂ ಒಂದು ಮಳೆಗೆ ಹರಿಯುತ್ತದೆ.

ಒಂದು ಘಟನೆಯನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳುತ್ತೇನೆ. ನನ್ನ ತರಗತಿಯ ಒಬ್ಬ ಹುಡುಗಿ ದೊಡ್ಡವಳಾದಾಗ ಮನೆಯವರು ಆರತಿ ಮಾಡಿದರು, ಸಂಭ್ರಮದಿಂದ ಫೋಟೊಗಳನ್ನು ಸ್ಟೇಟಸ್ಸಿಗೆ ಹಾಕಿದರು. ಆ ತಂದೆಯ ಮೊಬೈಲಿನಲ್ಲಿ ಯಾರ ಯಾರ ನಂಬರುಗಳಿದ್ದವು? ಓಣಿಯ ಹುಡುಗರ ತಂದೆಯರವೇ. ಮೊಬೈಲುಗಳು ಹುಡುಗರ ಕೈಯಲ್ಲಿದ್ದವು. ಮರುದಿನ ತರಗತಿಯಲ್ಲಿ ಯಾರೋ ಒಂದು ಮಾತು ಅಂದರು, ಹುಡುಗಿ ವಾರವಿಡೀ ಶಾಲೆಗೆ ಬರಲಿಲ್ಲ. ಅವಳ ತಾಯಿ ನನ್ನ ಮುಂದೆ ಕೂತು, ‘ನಾವು ಪ್ರೀತಿಯಿಂದ ಹಾಕಿದ್ದು ಟೀಚರ್’ ಎಂದರು. ಪ್ರೀತಿಯ ಬಗ್ಗೆ ನನಗೂ ಸಂಶಯವಿರಲಿಲ್ಲ. ಅವಳನ್ನು ಒಂದು ಮಾತು ಕೇಳಿದ್ದಿರಾ ಎಂದೆ. ಮಗಳನ್ನು ಕೇಳುವುದೇ ಎಂಬಂತೆ ಅವರು ನನ್ನ ಮುಖ ನೋಡಿದರು.

ನನ್ನದೂ ತಪ್ಪಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಪಾಲಕರ ವಾಟ್ಸ್‌ಆ್ಯಪ್ ಗುಂಪು ಮಾಡಿದವಳು ನಾನೇ. ಅರವತ್ತು ಮನೆಗಳ ನಂಬರು ಅರವತ್ತು ಮನೆಗಳಿಗೂ ಕಂಡವು. ಹೋಂವರ್ಕಿಗಾಗಿ ಮನೆಗೆ ಬಂದ ಮೊಬೈಲು ಆಮೇಲೆ ಮಕ್ಕಳ ಕೈಯಲ್ಲೇ ಉಳಿಯಿತು.

ಕಾನೂನು ಏನು ಹೇಳುತ್ತದೆ? ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಕಂಪನಿಗಳು ಪಾಲಕರ ಒಪ್ಪಿಗೆ ಪಡೆಯಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸಬಾರದು. ತಪ್ಪಿದರೆ 200 ಕೋಟಿ ರೂಪಾಯಿಯವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಬಳಕೆಗಾಗಿ ಮಾಡುವುದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಕಾನೂನು ನಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದೆ. ಒಳಗೆ ನಾವೇ.

ಈಗ ನನ್ನ ತಂಗಿಯ ಮಗಳಿಗೆ ಹದಿಮೂರು. ‘ದೊಡ್ಡವ್ವ, ಇನ್‌ಸ್ಟಾಗ್ರಾಂ ಬೇಕು, ಅಪ್ಪನಿಗೆ ಹೇಳಿ’ ಎಂದು ನನ್ನ ಬೆನ್ನು ಹತ್ತಿದಳು. ಆ ಕಂಪನಿಯ ನಿಯಮದಂತೆ ಖಾತೆಗೆ 13 ವರ್ಷವಾದರೂ ಆಗಿರಬೇಕು. ಅವಳ ಗೆಳತಿಯರು ಹತ್ತಕ್ಕೇ ತೆರೆದಿದ್ದಾರೆ, ಹುಟ್ಟಿದ ವರ್ಷ 1999 ಎಂದು ಕೊಟ್ಟು. ಇದನ್ನು ನಾವು ಸಣ್ಣ ಸುಳ್ಳು ಎಂದುಕೊಳ್ಳುತ್ತೇವೆ; ಎಷ್ಟೋ ಕಡೆ ಅಣ್ಣನೋ ಮಾವನೋ ಕೂತು ಈ ವರ್ಷವನ್ನು ತುಂಬಿಸಿರುತ್ತಾರೆ. ಅದರ ಫಲ ಕೇಳಿ. ಹದಿಹರೆಯದವರಿಗಾಗಿ ಅಲ್ಲಿ ಬೇರೆಯೇ ಬಗೆಯ ಖಾತೆಯಿದೆ, ಭಾರತಕ್ಕೆ ಅದು ಬಂದದ್ದು 2025ರ ಫೆಬ್ರವರಿಯಲ್ಲಿ. ಆ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರ ಸಂದೇಶ ನೇರವಾಗಿ ಬರುವುದಿಲ್ಲ, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಸೂಚನೆಗಳು ಮೌನವಾಗುತ್ತವೆ. 16 ತುಂಬುವವರೆಗೆ ಈ ಬಿಗಿಯನ್ನು ಸಡಿಲಿಸಲು ಪಾಲಕರ ಅನುಮತಿ ಬೇಕು. 1999 ಎಂದು ಬರೆದ ಹುಡುಗಿಗೆ ಇದಾವುದೂ ಸಿಗುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಅವಳು ಮದುವೆಯ ವಯಸ್ಸಿನ ಹೆಂಗಸು, ಅವಳನ್ನು ಹಾಗೆಯೇ ನಡೆಸಿಕೊಳ್ಳುತ್ತದೆ. ನಮ್ಮ ಹುಡುಗಿ ನಿಜವಾದ ತಾರೀಖನ್ನೇ ಬರೆದಳು. ಪಕ್ಕದಲ್ಲಿ ಅವಳ ತಾಯಿ ಕೂತಿದ್ದಳು, ಮುಖಚಿತ್ರಕ್ಕೆ ಹುಣಸೆ ಮರದ ಫೋಟೊ ಹಾಕಿದರು. ಗೆಳತಿಯರು ನಕ್ಕರಂತೆ. ನಗಲಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಗೆಳತಿಯಂತೆ ಪರಿಚಯವಾದ ಯಾವುದೋ ಖಾತೆ ಮಗುವಿನ ಫೋಟೊ ಕೇಳುತ್ತದೆ, ಮೊದಲು ಮುಖದ್ದು, ಆಮೇಲೆ ಬೇರೆಯದು. ಕಳುಹಿಸಿದ ಮರುಗಳಿಗೆಯೇ ದನಿ ಬದಲಾಗುತ್ತದೆ: ಹಣ ಕೊಡು, ಇಲ್ಲವೇ ಇನ್ನೂ ಕಳುಹಿಸು, ಇಲ್ಲವಾದರೆ ನಿನ್ನ ಅಪ್ಪನಿಗೆ ತೋರಿಸುತ್ತೇನೆ. ಗಮನಿಸಿ, ಅವರ ಆಯುಧ ಆ ಫೋಟೊ ಅಲ್ಲವೇ ಅಲ್ಲ, ಅಪ್ಪನ ಭಯ. ಗಂಡುಮಕ್ಕಳೂ ಇದಕ್ಕೆ ಸಿಗುತ್ತಾರೆ, ಅವರು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ. ಮಗು ಬಂದು ಹೇಳಿದರೆ ಮೊದಲು ಅನ್ನ ಬಡಿಸಿ. ಬೈಗುಳವನ್ನು ಆಮೇಲೆ ನೋಡೋಣ. ಹಣ ಕೊಡಬೇಡಿ, ಒಮ್ಮೆ ಕೊಟ್ಟರೆ ಅದಕ್ಕೆ ಕೊನೆಯಿಲ್ಲ. ಸಂಭಾಷಣೆಯನ್ನು ಅಳಿಸಬೇಡಿ, ಆ ಖಾತೆಯ ಹೆಸರು, ನಂಬರು ಪೊಲೀಸರಿಗೆ ಬೇಕಾಗುತ್ತವೆ.

ಪೆನ್ನು ಇದ್ದರೆ ಬರೆದುಕೊಳ್ಳಿ. ಮಕ್ಕಳ ಸಹಾಯವಾಣಿ 1098. ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಹೋಗಿ, ಮರೆಯುವುದಿಲ್ಲ. ಹಣ ಹೋಗಿದ್ದರೆ 1930. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ತಾಣದಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಜನ ಸಿಇಎನ್ ಠಾಣೆ ಎಂದು ಕರೆಯುವ ಸೈಬರ್ ಠಾಣೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಇದೆ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಅಲ್ಲಿ ಫೋಟೊವನ್ನು ಯಾರಿಗೂ ಕಳುಹಿಸಬೇಕಿಲ್ಲ. ನಿಮ್ಮ ಮೊಬೈಲಿನಲ್ಲೇ ಆ ಚಿತ್ರದಿಂದ ಅಂಕಿ ಅಕ್ಷರಗಳ ಒಂದು ಗುರುತು ತಯಾರಾಗುತ್ತದೆ, ಹೆಬ್ಬೆಟ್ಟಿನ ಗುರುತಿನಂತೆ. ಗುರುತು ಮಾತ್ರ ಹೋಗುತ್ತದೆ. ಈ ವ್ಯವಸ್ಥೆಗೆ ಒಪ್ಪಿದ ತಾಣಗಳು ಅದನ್ನು ಹಿಡಿದು ಚಿತ್ರವನ್ನು ಹುಡುಕಿ ತಡೆಯುತ್ತವೆ.

ಇನ್ನೊಂದು ಎಚ್ಚರಿಕೆ. ಅಂಥ ಚಿತ್ರ ನಿಮ್ಮ ಗುಂಪಿಗೆ ಬಂದರೆ ‘ಇದು ಯಾರ ಮಗು ನೋಡಿ’ ಎಂದು ಮುಂದಕ್ಕೆ ಕಳುಹಿಸಬೇಡಿ. ನಿಮ್ಮ ಮನಸ್ಸು ಎಷ್ಟೇ ಚೊಕ್ಕವಾಗಿರಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಂಥ ಚಿತ್ರವನ್ನು ಹಂಚುವುದು ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ.

ಹಾಗಾದರೆ ಜಾತ್ರೆಯಲ್ಲಿ ಮಗು ಕಾಣದಾದರೆ ಸಂದೇಶ ಹಾಕಲೇಬಾರದೇ ಎಂದು ತಂಗಿಯ ಗಂಡ ನನ್ನನ್ನು ಕೇಳಿದ್ದಾರೆ. ಹಾಕಿ. ಮೊದಲು ಚೌಕಿಗೆ ಓಡಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಎಂಬುದು ಸುಳ್ಳು, ಕಾಣೆಯಾದ ಮಗುವಿನ ದೂರನ್ನು ಪೊಲೀಸರು ಕೂಡಲೇ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಸಂದೇಶದಲ್ಲಿ ತಾರೀಖು, ಗಂಟೆ, ಬಟ್ಟೆಯ ಬಣ್ಣ ಇರಲಿ. ಮನೆಯ ನಂಬರಿನ ಬದಲು ಠಾಣೆಯ ನಂಬರಿರಲಿ. ಮಗುವಿನ ಹೆಸರು, ಮನೆಯ ವಿಳಾಸ ಬೇಡ. ಸಿಕ್ಕ ಕೂಡಲೇ ‘ಎಲ್ಲರಿಗೂ ಅಳಿಸು’ ಒತ್ತಿ. ವಾಟ್ಸ್‌ಆ್ಯಪ್ ಅದಕ್ಕೆ ಎರಡು ದಿನಕ್ಕಿಂತ ತುಸು ಹೆಚ್ಚು ಕಾಲ ಕೊಡುತ್ತದೆ. ಅಷ್ಟರಲ್ಲಿ ಬೇರೆಯವರು ಮುಂದಕ್ಕೆ ದಾಟಿಸಿದ ಪ್ರತಿಗಳು ಮಾತ್ರ ಅಳಿಯುವುದಿಲ್ಲ. ತಂಗಿಯ ಮನೆಯವರು ಕೊನೆಗೆ ಆ ನಂಬರನ್ನೇ ಬಿಟ್ಟರು. ಬ್ಯಾಂಕು, ಆಧಾರ್, ಗ್ಯಾಸು, ಎಲ್ಲ ಕಡೆ ಬದಲಿಸಲು ಎರಡು ತಿಂಗಳು ಅಲೆದರು.

ಈ ವರ್ಷ ಜಾತ್ರೆಯ ವಾರದಲ್ಲಿ ನಮ್ಮ ನಿವೃತ್ತ ಶಿಕ್ಷಕರ ಗುಂಪಿಗೆ ಆ ಫೋಟೊ ಮತ್ತೆ ಬಂತು. ‘ಇಂದು ಮಧ್ಯಾಹ್ನ ಕಾಣೆಯಾಗಿದ್ದಾಳೆ, ದಯವಿಟ್ಟು ಎಲ್ಲರಿಗೂ ಕಳುಹಿಸಿ.’ ಹುಡುಗಿ ನನ್ನ ಪಕ್ಕದಲ್ಲೇ ಕೂತು ಗಣಿತ ಮಾಡುತ್ತಿದ್ದಳು. ತೋರಿಸಿದೆ. ಬಹಳ ಹೊತ್ತು ನೋಡಿ, ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡು ತಾನೇ ಉತ್ತರ ಟೈಪು ಮಾಡಿದಳು: ‘ಈ ಹುಡುಗಿ ಎಂಟು ವರ್ಷದ ಹಿಂದೆಯೇ ಸಿಕ್ಕಿದ್ದಾಳೆ. ಈಗ ಲೆಕ್ಕ ಬಿಡಿಸುತ್ತಿದ್ದಾಳೆ. ದಯವಿಟ್ಟು ಅಳಿಸಿ.’

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೈಮುಗಿದ ಚಿತ್ರ ಹಾಕಿ, ‘ತಾವು ತಿಳಿಸಿದ್ದು ಒಳ್ಳೆಯದಾಯಿತು, ಆಗಲೇ ಮೂರು ಗುಂಪುಗಳಿಗೆ ಕಳುಹಿಸಿಬಿಟ್ಟಿದ್ದೆ’ ಎಂದು ಬರೆದರು.

ನಮಸ್ಕಾರ.