ಐವತ್ತರ ಮೇಲೆ ಕಣ್ಣು

ಕೇಳುಗರಿಗೆ ನಮಸ್ಕಾರ. ಹೊಲದಲ್ಲಿ ಪಂಪ್‌ಸೆಟ್ ಇರುವವರು, ತ್ರೀಫೇಸ್ ಯಾವಾಗ ಬರುತ್ತದೋ ಎಂದು ಕಾಯುವವರು ಸ್ವಲ್ಪ ಹೊತ್ತು ರೇಡಿಯೋ ಹತ್ತಿರವೇ ಕೂತುಕೊಳ್ಳಿ. ಯಾವ ಊರಿಗೆ ಹೋದರೂ ನನಗೆ ಎದುರಾಗುವ ಪ್ರಶ್ನೆ ಒಂದೇ. "ಸಾರ್, ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆಯಲ್ಲ, ಆದರೂ ಸಂಜೆ ಹೊತ್ತು ಕರೆಂಟಿಗೆ ಯಾಕೆ ಪರದಾಟ?"

ಉತ್ತರ ಹೇಳುತ್ತೇನೆ. ತಂತಿಯಲ್ಲಿ ಕರೆಂಟನ್ನು ಕೂಡಿಡಲು ಬರುವುದಿಲ್ಲ. ಈ ಕ್ಷಣ ನಾವೆಲ್ಲ ಸೇರಿ ಎಷ್ಟು ಬಳಸುತ್ತೇವೋ ಅಷ್ಟೇ ಕರೆಂಟು ಈ ಕ್ಷಣವೇ ತಯಾರಾಗಬೇಕು. ಕಡಿಮೆ ಆಗಬಾರದು, ಹೆಚ್ಚೂ ಆಗಬಾರದು. ಇಂದು ನಿಮ್ಮ ಮನಸ್ಸಿನಲ್ಲಿ ಉಳಿಯಬೇಕಾದದ್ದು ಇದೊಂದೇ.

ಇದಕ್ಕೊಂದು ಅಳತೆ ಇದೆ. 50. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿದು, ನೀರು ಹಬೆಯಾಗಿ, ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 50. ನಿಮ್ಮ ಮನೆಯ ಕರೆಂಟು 50 ಹರ್ಟ್ಸ್ ಅನ್ನುವುದು ಇದನ್ನೇ. ಎಲ್ಲರೂ ಒಟ್ಟಿಗೆ ಮೋಟಾರು ಹಾಕಿದರೆ, ದಿಬ್ಬ ಹತ್ತುವ ಎತ್ತಿನ ಗಾಡಿಯ ಹಾಗೆ ಆ ಯಂತ್ರಗಳ ವೇಗ ತಗ್ಗುತ್ತದೆ, 50 ಇಳಿಯುತ್ತದೆ. ಎಲ್ಲರೂ ಒಟ್ಟಿಗೆ ಆಫ್ ಮಾಡಿದರೆ ವೇಗ ಏರುತ್ತದೆ. 49.90ರಿಂದ 50.05ರ ಒಳಗೆ ಅದನ್ನು ಹಿಡಿದಿಡುವುದೇ ಲೋಡ್ ಡಿಸ್ಪ್ಯಾಚ್ ಸೆಂಟರಿನಲ್ಲಿ, ಅಂದರೆ ಕರೆಂಟಿನ ಉತ್ಪಾದನೆ ಮತ್ತು ಬಳಕೆಯನ್ನು ಸರಿದೂಗಿಸುವ ಕಂಟ್ರೋಲ್ ರೂಮಿನಲ್ಲಿ, ಕೂತವರ ಕೆಲಸ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮಗೆ ಬಿಸಿ ತಟ್ಟಲಿಲ್ಲ, ಯಾಕೆಂದರೆ ಆಗ ದಕ್ಷಿಣದ ವಿದ್ಯುತ್ ಜಾಲ ಬೇರೆಯಾಗಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ಅದು ದೇಶದ ಜಾಲಕ್ಕೆ ಸೇರಿದ ಮೇಲೆ ಕಾಶ್ಮೀರಕ್ಕೂ ಕೊಳ್ಳೇಗಾಲಕ್ಕೂ ಒಂದೇ 50.

ಈಗ ನಿಮಗೊಂದು ರಾತ್ರಿಯ ಕಥೆ ಹೇಳಲೇಬೇಕು. 2020ರ ಏಪ್ರಿಲ್ 5, ಭಾನುವಾರ. ಲಾಕ್‌ಡೌನ್ ಇತ್ತು. ರಾತ್ರಿ 9 ಗಂಟೆಗೆ 9 ನಿಮಿಷ ಮನೆಯ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿಯವರು ಎರಡು ದಿನ ಮುಂಚೆ ಕರೆ ಕೊಟ್ಟಿದ್ದರು. ನಿಮಗೆ ಹಣತೆ ಕಂಡಿತು. ಕಂಟ್ರೋಲ್ ರೂಮಿನಲ್ಲಿದ್ದ ನಮಗೆ ಕಂಡದ್ದು ಆ 50. ಇಡೀ ದೇಶ ಒಂದೇ ಸಲ ಸ್ವಿಚ್ ಆರಿಸಿದರೆ, ತಯಾರಾದ ಕರೆಂಟು ಎಲ್ಲಿಗೆ ಹೋಗಬೇಕು ಹೇಳಿ?

ಕಲ್ಲಿದ್ದಲಿನ ಬಾಯ್ಲರು ಹೇಳಿದ ತಕ್ಷಣ ತಗ್ಗುವುದಿಲ್ಲ. ತಕ್ಷಣ ಮಾತು ಕೇಳುವುದು ನೀರು. ಅದಕ್ಕೇ ಸಂಜೆಯೇ ಕಲ್ಲಿದ್ದಲಿನ ಘಟಕಗಳನ್ನು ಆದಷ್ಟು ತಗ್ಗಿಸಿ, ದೇಶದ ಜಲವಿದ್ಯುತ್ ಕೇಂದ್ರಗಳನ್ನು ಜೋರಾಗಿ ಓಡಿಸಿದರು. ಓಡುತ್ತಿದ್ದರೆ ತಾನೇ ನಿಲ್ಲಿಸಲು ಬರುವುದು! ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಎಂಬುದು ಅಂದಾಜು. ಫ್ಯಾನು, ಫ್ರಿಜ್ಜು, ಬೀದಿದೀಪ ಆರಿಸಬೇಡಿ ಎಂದೂ ಕೇಳಿಕೊಂಡಿದ್ದರು.

ಜನ 9 ಗಂಟೆಯವರೆಗೆ ಕಾಯಲಿಲ್ಲ. 8.45ಕ್ಕೇ ಶುರು. 9.10ರ ಹೊತ್ತಿಗೆ ಇಳಿದದ್ದು ಎಷ್ಟು ಗೊತ್ತೇ? ಸುಮಾರು 31,000 ಮೆಗಾವ್ಯಾಟ್. ಅಂದಾಜಿನ ಎರಡು ಪಟ್ಟಿಗೂ ಹೆಚ್ಚು! ಜಲವಿದ್ಯುತ್ ಕೇಂದ್ರಗಳು ಆ 25 ನಿಮಿಷದಲ್ಲಿ 17,500 ಮೆಗಾವ್ಯಾಟ್ ಕಡಿಮೆ ಮಾಡಿದವು. 49.70ಕ್ಕೆ ಇಳಿದಿದ್ದ ಮೀಟರು 50.26ರವರೆಗೆ ಏರಿ ನಿಂತಿತು. ಆಮೇಲೆ ಜನ ದೀಪ ಹಾಕಿದರು, ಅದೇ ನೀರನ್ನು ಮತ್ತೆ ಬಿಟ್ಟರು, ಬೇಡಿಕೆ ಏರಿದ ಹಾಗೇ ಉತ್ಪಾದನೆಯೂ ಏರಿತು. ದೇಶದಲ್ಲಿ ಎಲ್ಲೂ ಜಾಲ ಕುಸಿಯಲಿಲ್ಲ. ಸುರಂಗದ ಒಳಗೆ, ಗುಡ್ಡದ ತಪ್ಪಲಿನಲ್ಲಿ ಯಂತ್ರದ ಪಕ್ಕ ನಿಂತು ಅದನ್ನು ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ? ಅಂಥ ಪರೀಕ್ಷೆಯನ್ನು ಸೂರ್ಯ ನಮಗೆ ದಿನಾ ಒಡ್ಡುತ್ತಾನೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಫಲಕಗಳಿವೆ. ಮಧ್ಯಾಹ್ನ ಧಾರಾಳ. ಸಂಜೆ ಆರೂವರೆಗೆ ಸೊನ್ನೆ. ನೀವು ದೀಪ, ಟಿವಿ, ಮಿಕ್ಸಿ ಹಾಕುವುದು ಸರಿಯಾಗಿ ಆಗಲೇ! ಆ ಹೊತ್ತಿಗೆ ಶರಾವತಿ ಜಲವಿದ್ಯುತ್ ಕೇಂದ್ರದ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವ್ಯಾಟ್, ಕೈಗೆ ಸಿಗುವುದು ದೊಡ್ಡ ಭಾಗ್ಯ. ಆದರೆ ಅವನ್ನು ತಿರುಗಿಸುವ ಲಿಂಗನಮಕ್ಕಿ ಜಲಾಶಯದ ನೀರು ಮುಂದಿನ ಮಳೆಗಾಲದವರೆಗೂ ಬರಬೇಕಲ್ಲ! ಹಗಲಿನ ಸೋಲಾರ್ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಡುವ ದಾರಿಯೂ ಇದೆ. ಶರಾವತಿ ಕಣಿವೆಯಲ್ಲಿ ಅಂಥ 2,000 ಮೆಗಾವ್ಯಾಟ್ ಯೋಜನೆಗೆ ಕಾಡಿನ ಕಾರಣಕ್ಕೆ ವಿರೋಧವಿದೆ. ಅದು ಇನ್ನೊಂದು ದಿನದ ಮಾತು. ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಮುಂಗಾರಿನಲ್ಲಿ, ಬಿಸಿಲು ಮಂಕಾದಾಗಲೇ, ಜೋರಾಗಿ ತಿರುಗುತ್ತವೆ. ಅದೂ ಒಂದು ಆಸರೆ.

ಸಮಯ ಮುಗಿಯುತ್ತಾ ಬಂತು ಎಂದು ಸನ್ನೆ ಮಾಡುತ್ತಿದ್ದಾರೆ. ಪಂಪ್‌ಸೆಟ್‌ನವರಿಗೆ ಎರಡು ಮಾತು. ಹಗಲು ತ್ರೀಫೇಸ್ ಕೊಟ್ಟರೆ ದಯವಿಟ್ಟು ಹಗಲೇ ನೀರು ಹಾಯಿಸಿ. ಆ ಹೊತ್ತಿಗೆ ಬಿಸಿಲಿನ ಕರೆಂಟು ಧಾರಾಳವಾಗಿರುತ್ತದೆ. ರಾತ್ರಿ ಹಾವು, ಆನೆ, ಕರಡಿಯ ಭಯದಲ್ಲಿ ಹೊಲಕ್ಕೆ ಹೋಗುವ ಕಷ್ಟವೂ ನಿಮಗಿಲ್ಲ. ಇನ್ನೊಂದು, ಕರೆಂಟು ಬಂದೊಡನೆ ಮೋಟಾರನ್ನು ತಾನೇ ಎಬ್ಬಿಸುವ ಆಟೋ ಸ್ಟಾರ್ಟರ್. ಎಷ್ಟು ಸಲ ಹೇಳಿದರೂ ಇದು ಕಿವಿಗೆ ಬೀಳುತ್ತಿಲ್ಲ! ನಿಮ್ಮ ಕಡೆಯ ಲೈನಿಗೆ ಕರೆಂಟು ಬಂದ ಕ್ಷಣವೇ ಅಷ್ಟೂ ಮೋಟಾರುಗಳು ಒಟ್ಟಿಗೆ ಎದ್ದರೆ ನಿಮ್ಮದೇ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಆಟೋ ತೆಗೆಸಿ, ಇಲ್ಲವೇ ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಟೈಮರ್ ಹಾಕಿಸಿ, ಒಬ್ಬರ ಮೋಟಾರು ಎದ್ದ ಕೆಲವು ನಿಮಿಷಕ್ಕೆ ಇನ್ನೊಬ್ಬರದ್ದು ಏಳಲಿ. ನಮಸ್ಕಾರ.