ಮಳೆಗಾಲದಲ್ಲಿ ಮಂಕಾದ ಕಪ್ಪು ಬಣ್ಣ: ಮಾದರಿ ಕಾರಿನ ದುರಸ್ತಿ

ನಮ್ಮ ಮುಂದಿರುವುದು ನಿಜವಾದ ಕಾರಿನ 1/24 ಅಳತೆಯ ಪ್ಲಾಸ್ಟಿಕ್ ಕಾರಿನ ಬಾಡಿ. ಇದಕ್ಕೆ ಬೇಗ ಒಣಗುವ ಬಣ್ಣವಾದ ಲ್ಯಾಕರನ್ನು, ಹೊಳಪಿನ ಕಪ್ಪಿನಲ್ಲಿ, ಸ್ಪ್ರೇ ಮಾಡಲಾಗಿದೆ. ಆದರೆ ಛಾವಣಿಗೆ ಬೂದಿ ಸವರಿದಂತೆ ಬಿಳಿ ಮಂಕು ಕವಿದಿದೆ, ಬಾಗಿಲುಗಳ ಮೇಲ್ಮೈ ತರಿತರಿಯಾಗಿದೆ. ಇದನ್ನು ಕಂಡ ಕೂಡಲೇ ಬಣ್ಣವನ್ನೆಲ್ಲ ತೆಗೆದುಹಾಕಲು ಹೊರಡುವವರಲ್ಲಿ ನನ್ನ ವಿನಂತಿ ಒಂದೇ: ದೋಷ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಮೊದಲು ನೋಡಿರಿ. ಮೇಲ್ಪದರದ ದೋಷಕ್ಕಾಗಿ ಕೆಳಗಿನ ಒಳ್ಳೆಯ ಬಣ್ಣವನ್ನೂ ಅದರಡಿಯ ತಳಪದರವಾದ ಪ್ರೈಮರನ್ನೂ ಕಳೆದುಕೊಳ್ಳಬೇಕಾಗಿಲ್ಲ.

ಛಾವಣಿಯ ಬಿಳುಪಿಗೆ ಕಾರಣ ಮಂಗಳೂರಿನ ಜುಲೈ ತಿಂಗಳ ತೇವದ ಗಾಳಿ. ಲ್ಯಾಕರಿನಲ್ಲಿರುವ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಹೀಗೆ ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವಾಂಶ ನೀರಾಗಿ ಕೂತು, ಒಣಗುತ್ತಿರುವ ಪದರದಲ್ಲಿ ಸಿಕ್ಕಿಕೊಂಡು, ಬೆಳಕನ್ನು ಚದುರಿಸುತ್ತದೆ. ಇದನ್ನು ಬ್ಲಶಿಂಗ್ ಎನ್ನುತ್ತಾರೆ. ಮಳೆ ನಿಂತು ಗಾಳಿ ಒಣಗಿರುವ ದಿನ, ಇಲ್ಲವೇ ಏಸಿ ಇರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಇರಿಸಿದ ಮೇಲೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿದ ಲ್ಯಾಕರ್ ಥಿನ್ನರನ್ನು (ಬಣ್ಣ ತೆಳುವಾಗಿಸುವ ದ್ರಾವಕ) ಏರ್‌ಬ್ರಷ್ ಎಂಬ ಚಿಕ್ಕ ಸ್ಪ್ರೇ ಉಪಕರಣದಿಂದ ತೀರ ತೆಳುವಾಗಿ ಹಾಯಿಸಿದರೆ, ಮೇಲ್ಪದರ ಮತ್ತೆ ಮೆದುವಾಗಿ, ನಿಧಾನವಾಗಿ ಒಣಗುತ್ತ, ಒಳಗಿನ ತೇವವನ್ನು ಹೊರಬಿಡುತ್ತದೆ. ಥಿನ್ನರ್ ಹೆಚ್ಚಾದರೆ ಬಣ್ಣ ಇಳಿಯುವುದಷ್ಟೇ ಅಲ್ಲ, ಕೆಳಗಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಕೂಡ ಕರಗಬಹುದು.

ಬಾಗಿಲಿನ ತರಿಯನ್ನು ಕಿತ್ತಳೆ ಸಿಪ್ಪೆ ಎಂದೇ ಹೇಳುವುದು ವಾಡಿಕೆ. ಬಣ್ಣದ ಹನಿಗಳು ಮೇಲ್ಮೈಯಲ್ಲಿ ಹರಡಿ ಸಮವಾಗುವ ಮೊದಲೇ ಒಣಗಿದಾಗ ಹೀಗಾಗುತ್ತದೆ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಇದನ್ನು ಮುಟ್ಟಬಾರದು. ಆಮೇಲೆ ಒಂದು ಹನಿ ಸೋಪು ಹಾಕಿದ ನೀರಿನಲ್ಲಿ 2000, ಅನಂತರ 3000 ಗ್ರಿಟ್ಟಿನ (ಸಂಖ್ಯೆ ಹೆಚ್ಚಿದಷ್ಟೂ ನಯ) ವಾಟರ್ ಪೇಪರ್, ಅಂದರೆ ನೀರಿನಲ್ಲಿ ಬಳಸುವ ಉಜ್ಜುಕಾಗದ, ಅದ್ದಿ, ಉಬ್ಬಿದ ಭಾಗಗಳು ಸಮವಾಗುವಷ್ಟು ಮಾತ್ರ ಹಗುರವಾಗಿ ಉಜ್ಜಬೇಕು. ಅಂಚುಗಳಲ್ಲಿ ಬಣ್ಣ ಅತ್ಯಂತ ತೆಳುವಾಗಿರುವುದರಿಂದ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸುವುದು ಕ್ಷೇಮ. ಈ ಒಂದು ಎಚ್ಚರಿಕೆಯೇ ಅನೇಕ ಕಾರುಗಳನ್ನು ಉಳಿಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಉಜ್ಜಿದ ಜಾಗದ ಮಂಕನ್ನು ತಮಿಯಾ ಕಂಪನಿಯ ಕೋರ್ಸ್, ಫೈನ್, ಫಿನಿಶ್ ಎಂಬ ಹೊಳಪು ತರುವ ಕಾಂಪೌಂಡ್‌ಗಳು ಕ್ರಮವಾಗಿ ನೀಗಿಸುತ್ತವೆ. ಪ್ರತಿಯೊಂದಕ್ಕೂ ಬೇರೆ ಬಟ್ಟೆ ಬೇಕು, ಇಲ್ಲದಿದ್ದರೆ ಒರಟು ಕಣಗಳು ಮುಂದಿನ ಹಂತದಲ್ಲೂ ಗೀರು ಮೂಡಿಸುತ್ತವೆ.

ನಿಧಾನವಾಗಿ ಒಣಗುವ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆದು ಬಣ್ಣವೆಲ್ಲ ಸುಕ್ಕುಗಟ್ಟಿದ್ದರೆ ಮಾತ್ರ ಪೂರ್ತಿ ತೆಗೆಯುವುದು ಅನಿವಾರ್ಯ. ಗಾಜಿನ ಭಾಗಗಳನ್ನೂ ಕ್ರೋಮ್ ಭಾಗಗಳನ್ನೂ ಬಿಡಿಸಿಟ್ಟು, ಬಾಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬಹುದು. ಅಸಿಟೋನ್ ಪಾಲಿಸ್ಟೈರೀನನ್ನೇ ಕರಗಿಸುವುದರಿಂದ ಅದನ್ನು ಹತ್ತಿರ ತರಬೇಡಿರಿ. ಈ ದ್ರವಗಳೆಲ್ಲ ಬೇಗ ಹೊತ್ತಿಕೊಳ್ಳುತ್ತವೆ; ಕೈಗವಸು ತೊಟ್ಟು, ಕಿಟಕಿ ತೆರೆದು, ಬೆಂಕಿಯಿಂದ ದೂರವಿದ್ದು ಕೆಲಸ ಮಾಡಬೇಕು.

ನಮ್ಮ ಕಾರಿಗೆ ಹೀಗೆ ಬಣ್ಣವನ್ನು ಪೂರ್ತಿ ತೆಗೆಯುವ ಅಗತ್ಯ ಬೀಳಲಿಲ್ಲ. ಇನ್ನು ಬಾಗಿಲಿನ ಸಂದುಗಳಲ್ಲಿ ಉಳಿದ ಕಾಂಪೌಂಡನ್ನು ಸೋಪಿನ ನೀರಿನಲ್ಲಿ ನೆನೆಸಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು. ಒಣಗಿ ಬಿಳಿ ಗೆರೆಯಾದರೆ ಕಪ್ಪು ಬಣ್ಣದ ಮೇಲೆ ಅದು ಎದ್ದು ಕಾಣುತ್ತದೆ.