ಸಿಗ್ನಲ್ ಹತ್ತಿರದ ನೆರಳು

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ತಿಂಗಳ ಮಧ್ಯಾಹ್ನ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಒಂದು ತಮಾಷೆ ನೋಡಬಹುದು. ಕೆಂಪು ದೀಪ ಬಿದ್ದಿರುತ್ತದೆ. ಸ್ಕೂಟರು, ಬೈಕಿನವರು ಬಿಳಿ ಗೆರೆಯ ತನಕ ಹೋಗುವುದಿಲ್ಲ. ಮೂವತ್ತು ಅಡಿ ಹಿಂದೆಯೇ ನಿಂತುಬಿಡುತ್ತಾರೆ. ಮುಂದೆ ರಸ್ತೆ ಖಾಲಿ. ಯಾಕೆ ಅಂದರೆ, ಪಕ್ಕದಲ್ಲೊಂದು ಮಳೆಮರ ಇದೆ, ಅದರ ನೆರಳು ಅಲ್ಲಿಗೇ ಮುಗಿಯುತ್ತದೆ. ಬೇರೆ ದಿನ ಗೆರೆ ದಾಟಿ, ಫುಟ್‌ಪಾತ್ ಹತ್ತಿ ನುಗ್ಗುವ ನಾವೇ ಆ ಎರಡು ನಿಮಿಷ ಬಹಳ ಶಿಸ್ತಿನ ಜನ! ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ನಿಜ. ಅವನ ಸಿಟ್ಟು ಗೆರೆಗಾಗಿ ಅಲ್ಲ, ಅವನಿಗೆ ನೆರಳು ಸಿಕ್ಕಿಲ್ಲ, ಅಷ್ಟೇ.

ಇವತ್ತು ಆ ನೆರಳಿನ ಬಗ್ಗೆಯೇ ಸ್ವಲ್ಪ ಮಾತಾಡೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಮನೆಯಲ್ಲಿ ಫ್ಯಾನೇ ಇರಲಿಲ್ಲ ಎಂದು ಹೇಳುವ ಹಿರಿಯರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಅದೇ ಊರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ಕಲಬುರಗಿ, ರಾಯಚೂರಿನ ಕೇಳುಗರು ಇಷ್ಟೇನಾ ಎಂದು ನಗಬಹುದು. ಅವರಿಗೆ 42 ಅನ್ನುವುದು ಬೇಸಿಗೆಯ ಮಾಮೂಲಿ ಮಾತು. ಆದರೆ ಒಂದು ವಿಷಯ ಗಮನಿಸಿ. ಹವಾಮಾನ ಇಲಾಖೆಯ ಥರ್ಮಾಮೀಟರು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಲ್ಲಿ ಇರುತ್ತದೆ. ನಾವು ಓಡಾಡುವುದು ಟಾರು ರಸ್ತೆಯ ಮೇಲೆ.

ಆ ಟಾರು ರಸ್ತೆಯ ಲೆಕ್ಕವನ್ನೂ ತೆಗೆದವರಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನಲ್ಲಿ ಮರವಿರುವ ರಸ್ತೆಗಳನ್ನೂ ಮರವಿಲ್ಲದ ರಸ್ತೆಗಳನ್ನೂ ಅಳೆದು ನೋಡಿದರು. ಮಧ್ಯಾಹ್ನದ ಹೊತ್ತು ಮರದ ಕೆಳಗಿನ ಗಾಳಿ 5.6 ಡಿಗ್ರಿಯವರೆಗೂ ತಣ್ಣಗಿತ್ತು. ರಸ್ತೆಯ ಮೈ ಮಾತ್ರ 27.5 ಡಿಗ್ರಿಯವರೆಗೂ ಕಡಿಮೆ! ಬರಿಗಾಲಲ್ಲಿ ಒಮ್ಮೆ ನಡೆದು ನೋಡಿದವರಿಗೆ ಈ ಸಂಖ್ಯೆ ಆಶ್ಚರ್ಯ ಅನಿಸುವುದಿಲ್ಲ. ನೆರಳಿನಿಂದ ಬಿಸಿಲಿಗೆ ಕಾಲಿಟ್ಟರೆ ದೋಸೆ ಹಂಚಿನ ಮೇಲೆ ಇಟ್ಟ ಹಾಗೆ.

ಇದು ಬರೀ ನೆರಳಿನ ಕೆಲಸ ಅಲ್ಲ. ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ, ಯೋಚಿಸಿ. ಮಡಕೆ ಸಣ್ಣಗೆ ಬೆವರುತ್ತದೆ. ಆ ಬೆವರು ಆರುವಾಗ ಒಳಗಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಮರವೂ ಹೀಗೆಯೇ. ಬೇರಿನಿಂದ ನೀರು ಎಳೆದು, ಎಲೆಯ ಸಣ್ಣ ಸಣ್ಣ ತೂತುಗಳಿಂದ ಆವಿಯಾಗಿ ಬಿಡುತ್ತದೆ. ಒಂದು ಲೀಟರು ನೀರು ಹೀಗೆ ಆವಿಯಾಗಲು ಬೇಕಾದ ಶಾಖವನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ, ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ನೆಲದಲ್ಲಿ ನೀರಿದ್ದರೆ ದೊಡ್ಡ ಮರವೊಂದು ದಿನಕ್ಕೆ ನೂರು ಲೀಟರಿಗೂ ಜಾಸ್ತಿ ಬಿಡಬಲ್ಲದು. ಬಿಲ್ಲು ಬರುವುದಿಲ್ಲ. ಎ.ಸಿ. ಕೂಡ ತಂಪು ಮಾಡುತ್ತದೆ ಅಲ್ವಾ ಎಂದು ಕೇಳಬಹುದು. ಮಾಡುತ್ತದೆ, ಆದರೆ ನಮ್ಮ ಕೋಣೆಯ ಬಿಸಿಯನ್ನು ಪಕ್ಕದ ಮನೆಯವರ ಕಿಟಕಿ ಮುಂದೆ ಸುರಿಯುತ್ತದೆ.

ರಾತ್ರಿಯ ಕಥೆ ಇನ್ನೊಂದು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಅದನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ತಾರಸಿಯ ಕೆಳಗಿನ ಮನೆಯಲ್ಲಿ ಮಲಗಿದವರಿಗೆ ಇದು ಗೊತ್ತು. ಹೊರಗೆ ತಂಗಾಳಿ, ಒಳಗೆ ಒಲೆ. ಗೋಡೆಯ ಮೇಲೆ ಹಗಲು ಮರದ ನೆರಳು ಬಿದ್ದಿದ್ದರೆ, ರಾತ್ರಿ ಬಿಡುವುದಕ್ಕೆ ಅದರ ಹತ್ತಿರ ಅಷ್ಟು ಬಿಸಿಯೇ ಇರುವುದಿಲ್ಲ.

ಈ ಊರಿಗೆ ಮರ ತಾನಾಗಿ ಬಂದದ್ದಲ್ಲ. ಸುತ್ತಲ ಹಳ್ಳಿಗಳಲ್ಲಿ ಗುಂಡುತೋಪುಗಳಿದ್ದವು, ಅರಳಿಕಟ್ಟೆಗಳಿದ್ದವು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿಸಿದ. ಕಬ್ಬನ್ ಪಾರ್ಕ್ 1870ರದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರ ಯೋಚನೆ ನನಗೆ ಬಹಳ ಇಷ್ಟ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನಲ್ಲಿ ಯಾವುದಾದರೊಂದು ಮರ ಹೂ ಬಿಟ್ಟಿರಬೇಕು, ಒಂದು ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು ಎಂದು ಮರಗಳನ್ನು ಆರಿಸಿದರು. ಅವರು ನೋಡಿದ್ದು ಕಣ್ಣಿಗೆ ಚೆಂದ ಅಂತ. ಜೇನಿಗೂ ಸೂರಕ್ಕಿಗೂ ಅದು ವರ್ಷಪೂರ್ತಿ ಊಟವಾಯಿತು.

ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. ಹೊಸ ಬಡಾವಣೆಗಳು ಬೋಳುಬೋಳಾಗಿ ಬೆಳೆಯುತ್ತಿದ್ದ ಕಾಲ. ಕೆಲವೇ ವರ್ಷಗಳಲ್ಲಿ ಅವರ ಮುಂದಾಳ್ತನದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಇವತ್ತು ಹಳೆಯ ಬಡಾವಣೆಗಳಲ್ಲಿ ನಾವು ಗಾಡಿ ನಿಲ್ಲಿಸಲು ಹುಡುಕುವ ನೆರಳಿನಲ್ಲಿ ಎಷ್ಟೋ ಭಾಗ ಆಗ ನೆಟ್ಟದ್ದು. ಲಾಲ್‌ಬಾಗಿಗೆ ಎಲ್ಲರೂ ಹೋಗಿ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಊರನ್ನು ಕಾಪಾಡಿದ್ದು ಮಾತ್ರ ಈ ಬೀದಿಮರಗಳು. ಪಾರ್ಕಿನ ತಂಪು ಬೇಲಿ ದಾಟಿ ಸ್ವಲ್ಪ ದೂರ ಬರುತ್ತದೆ, ಅಷ್ಟಕ್ಕೇ ಸುಸ್ತಾಗುತ್ತದೆ. ಬಸ್‌ಸ್ಟಾಪಿನಲ್ಲಿ ನಿಂತವಳಿಗೆ, ಹೂವಿನ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಗೆ, ಆರ್ಡರ್ ಬರಲಿ ಎಂದು ಕಾಯುವ ಡೆಲಿವರಿ ಹುಡುಗನಿಗೆ ಬೇಕಾದ್ದು ತಲೆ ಮೇಲೆಯೇ ಇರುವ ಮರ. ಅಂದಹಾಗೆ, ಬೆಂಗಳೂರಿನ ಪಾರ್ಕುಗಳಿಗೆ ಮೊದಲು ಹಗಲಿನಲ್ಲಿ ಕೆಲವು ಗಂಟೆ ಬೀಗ ಹಾಕುತ್ತಿದ್ದರು. ಬಿಸಿಲೇರುವ ಹೊತ್ತಿಗೇ ನೆರಳಿಗೆ ಬೀಗ! 2023ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದಾಯಿತು. ಒಳ್ಳೆಯದೇ ಆಯಿತು.

ಹುಲ್ಲುಹಾಸಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ನೋಡಲು ಹಸಿರು ಹೌದು. ದಿನಾ ನೀರು ಹಾಕಬೇಕು, ಕತ್ತರಿಸಬೇಕು, ಮೇಲೆ ಕಾಲಿಡಬಾರದು ಎಂದು ಬೋರ್ಡು ಬೇರೆ. ಮಧ್ಯಾಹ್ನ ಅದರ ಮೇಲೆ ಕೂರಲು ಆಗುವುದಿಲ್ಲ. ಅಷ್ಟೇ ಜಾಗದಲ್ಲಿ ಒಂದು ಹೊಂಗೆ ಇದ್ದಿದ್ದರೆ? ಹೊಂಗೆಯ ನೆರಳನ್ನು ನಮ್ಮ ಹಿರಿಯರು ತಾಯಿಯ ಮಡಿಲಿಗೆ ಹೋಲಿಸುತ್ತಾರೆ. ಅದರ ಜಾಣತನ ನೋಡಿ. ಚಳಿ ಮುಗಿಯುವ ಹೊತ್ತಿಗೆ ಎಲೆ ಉದುರಿಸುತ್ತದೆ. ಯುಗಾದಿಯ ಆಸುಪಾಸು, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ, ಮಿರಿಮಿರಿ ಮಿನುಗುವ ಹೊಸ ಎಲೆ ಹೊದ್ದು ನಿಂತಿರುತ್ತದೆ. ಬೆನ್ನಿಗೇ ಹೂವು, ಹೂವಿಗೆ ಜೇನು. ಕೆಳಗೆ ನಿಂತರೆ ಮರವೇ ಗುಂಯ್‌ಗುಡುತ್ತದೆ.

ಅತ್ತಿ, ಆಲ, ಅರಳಿ, ಬಸರಿ, ಗೋಣಿ ಇವೆಲ್ಲ ಒಂದೇ ಮನೆತನ. ಅತ್ತಿಹಣ್ಣು ನೋಡಲು ಚೆಂದ, ಬಿಚ್ಚಿದರೆ ಹುಳ ಎಂದು ಗಾದೆ ಮಾಡಿ ಅದರ ಮಾನ ಕಳೆದಿದ್ದೇವೆ. ಪಾಪ, ಆ ಸಣ್ಣ ಹುಳವೇ ಅದರ ಹೂವಿಗೆ ಪರಾಗ ಮುಟ್ಟಿಸುವುದು. ಅದು ಹೋಗದಿದ್ದರೆ ಬೀಜವೇ ಕಟ್ಟುವುದಿಲ್ಲ. ಈ ಮರಗಳು ಎಲ್ಲವೂ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಒಂದು ಈ ತಿಂಗಳು, ಪಕ್ಕದ ಬೀದಿಯದು ಇನ್ನೊಂದು ತಿಂಗಳು. ಹಾಗಾಗಿ ಬೇರೆಲ್ಲೂ ಹಣ್ಣಿಲ್ಲದ ದಿನಗಳಲ್ಲೂ ಕೋಗಿಲೆ, ಪಿಕಳಾರ, ಬಾವಲಿಗಳ ಹೊಟ್ಟೆ ತುಂಬುತ್ತದೆ. ಬೇಸಿಗೆಯ ಬೆಳಗ್ಗೆ ಕುಟ್ರೂ ಕುಟ್ರೂ ಎಂದು ಬಿಡದೆ ಕೂಗುವ ಕುಟ್ರುಹಕ್ಕಿಯೂ ಇವುಗಳದೇ ನೆಂಟ. ಅದು ಗೂಡು ಕೊರೆಯುವುದು ಒಣಗಿದ ಕೊಂಬೆಯಲ್ಲಿ. ಮುಂದಿನ ವರ್ಷ ಅದೇ ಪೊಟರೆಗೆ ಮಡಿವಾಳ ಹಕ್ಕಿ ಬಾಡಿಗೆಗೆ ಬಂದರೂ ಬಂತು. ನಾವು ಒಣಕೊಂಬೆ ಕಂಡ ಕೂಡಲೇ ಗರಗಸ ತರುತ್ತೇವೆ. ಜನ ಓಡಾಡುವ ಕಡೆ ತೆಗೆಯಲೇಬೇಕು, ಬೇಡ ಅನ್ನುವುದಿಲ್ಲ. ಪಾರ್ಕಿನ ಮೂಲೆಯಲ್ಲಾದರೂ ಸುಮ್ನೆ ಬಿಡಬಹುದು.

ಮರ ಬೀಳುತ್ತದೆ, ಕಾರು ಜಖಂ ಆಗುತ್ತದೆ, ಜನ ಸಾಯುತ್ತಾರೆ ಎಂಬ ಮಾತಿದೆ. ಸುಳ್ಳಲ್ಲ. ನಮ್ಮ ಬೀದಿಯಲ್ಲೂ ಒಂದು ಬಿತ್ತು. ಫುಟ್‌ಪಾತ್ ಹೊಸದಾಗಿ ಮಾಡುವಾಗ ಬುಡಕ್ಕೆ ಅಂಟಿಸಿ ಸಿಮೆಂಟು ಸುರಿದರು. ನೀರು ಇಳಿಯಲು ಒಂದು ಬೆರಳಿನಷ್ಟೂ ಜಾಗ ಬಿಡಲಿಲ್ಲ. ಅದಕ್ಕೂ ಮೊದಲು ಕೇಬಲ್ಲಿಗೆಂದು ಅಗೆದವರು ಒಂದು ಕಡೆಯ ಬೇರು ಕಡಿದಿದ್ದರು. ಮೂರು ವರ್ಷ ತಡೆದು, ಮೇ ತಿಂಗಳ ಮೊದಲ ಬಿರುಮಳೆಗೆ ಮಲಗಿತು. ಮರುದಿನ ಎಲ್ಲರೂ ಹೇಳಿದ್ದು ಒಂದೇ ಮಾತು, ಮರ ಗಟ್ಟಿ ಇರಲಿಲ್ಲ ಅಂತ.

ಜನ ಸುಮ್ಮನೆ ಇರದ ಸಂದರ್ಭವೂ ಉಂಟು. 2016ರ ಅಕ್ಟೋಬರ್ 16ರಂದು ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 6.7 ಕಿಲೋಮೀಟರ್ ಸೇತುವೆ, ಅದಕ್ಕೆ ಬಲಿಯಾಗಬೇಕಿದ್ದ ಮರಗಳು 800ಕ್ಕೂ ಜಾಸ್ತಿ. 2017ರ ಮಾರ್ಚ್‌ನಲ್ಲಿ ಸರಕಾರ ಆ ಯೋಜನೆ ಕೈಬಿಟ್ಟಿತು.

ಇನ್ನು ನಾನು ಹೇಳಲೇಬೇಕಾದ ಒಂದು ಪ್ರಾಣಿ. ಕಾಡುಪಾಪ. ಕೋತಿಗಳ ದೂರದ ಸಂಬಂಧಿ, ಕಾಲು ಕಿಲೋ ತೂಕ, ಬಾಲವಿಲ್ಲ, ಮುಖದ ತುಂಬ ಎರಡು ದುಂಡು ಕಣ್ಣು. ರಾತ್ರಿ ಎದ್ದು ಹುಳುಹುಪ್ಪಟೆ, ಮರದ ಅಂಟು ತಿನ್ನುತ್ತದೆ. ತಾಯಿ ಮರಿಯನ್ನು ಒಂದು ಕೊಂಬೆಯಲ್ಲಿ ಕೂರಿಸಿ ಊಟ ಹುಡುಕಲು ಹೋಗುತ್ತಾಳೆ, ಮರಿ ಅಲ್ಲೇ ಕಾಯುತ್ತದೆ. ಇದು ಬಂಡೀಪುರದ ಕಥೆ ಎಂದುಕೊಳ್ಳಬೇಡಿ. ಮಲ್ಲೇಶ್ವರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇವು ಇವೆ. ಪಕ್ಕದಲ್ಲೇ ಬಸ್ಸು ಲಾರಿ ಓಡಾಡುತ್ತಿರುತ್ತವೆ.

ಕಾಡುಪಾಪಕ್ಕೆ ಒಂದು ಕೊರತೆ. ಅದಕ್ಕೆ ನೆಗೆಯಲು ಬರುವುದಿಲ್ಲ. ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿದು, ಹೆಜ್ಜೆ ಎಣಿಸುವವರ ಹಾಗೆ ಸಾಗುತ್ತದೆ. ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿದರೆ ದಾರಿ ಉಂಟು. ಇಲ್ಲದಿದ್ದರೆ ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ ಇದೆ, ಗಾಡಿ ಇದೆ. ತಂತಿ ಹಿಡಿದು ದಾಟಲು ಹೋದರೆ ಕರೆಂಟು. ಒಂದು ಮರ ಕಡಿದು ಬೇರೆಲ್ಲೋ ಹತ್ತು ಗಿಡ ನೆಡುತ್ತೇವೆ ಎಂದಾಗ ನನಗೆ ಸಮಾಧಾನ ಆಗದಿರುವುದು ಇದಕ್ಕೇ. ಊರಾಚೆಯ ಹತ್ತು ಸಸಿ ಈ ಬೀದಿಯ ಸೇತುವೆ ಆಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಗೆಳೆಯರ ಜೊತೆ ಕಾಡುಪಾಪ ನೋಡಲು ಹೋಗಿದ್ದೆ. ಬಿಳಿ ಬೆಳಕು ಅದರ ಕಣ್ಣಿಗೆ ಆಗುವುದಿಲ್ಲವೆಂದು ಟಾರ್ಚಿಗೆ ಕೆಂಪು ಕಾಗದ ಕಟ್ಟಿದ್ದೆವು. ತುಂಬ ಹೊತ್ತಿನ ಮೇಲೆ ಮೇಲೆಲ್ಲೋ ಎರಡು ಕೆಂಡದ ಚುಕ್ಕಿ ಕಂಡವು. ನಿಧಾನಕ್ಕೆ ರಸ್ತೆಯ ಕಡೆ ಚಾಚಿದ ಕೊಂಬೆಯ ತುದಿಗೆ ಬಂತು. ಎದುರಿನ ಮರದ ಕೊಂಬೆಯನ್ನು ತಂತಿಗೆ ತಾಗುತ್ತದೆಂದು ಯಾರೋ ಕತ್ತರಿಸಿದ್ದರು. ಅದು ಒಂದು ಕೈ ಚಾಚಿ ಗಾಳಿಯಲ್ಲಿ ತಡವರಿಸಿತು. ಮತ್ತೊಮ್ಮೆ ಚಾಚಿತು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಮರುದಿನ ಮಧ್ಯಾಹ್ನ ಅದೇ ರಸ್ತೆಯಲ್ಲಿ ಬಂದೆ. ಕೊಂಬೆ ಹೋದ ಜಾಗದ ಕೆಳಗೆ, ಟಾರಿನ ಮೇಲೆ ಒಂದು ತುಂಡು ಬಿಸಿಲು ಬಿದ್ದಿತ್ತು. ಎಳನೀರಿನವರು ತಮ್ಮ ಗಾಡಿಯನ್ನು ಹತ್ತು ಹೆಜ್ಜೆ ಆಚೆಗೆ ತಳ್ಳಿಕೊಂಡಿದ್ದರು.

ನಮಸ್ಕಾರ.